ಒಂದು ಜೋಡಿ ಶೂಗೆ ಐದು ಬೆಳಗು

ಟ್ಯಾಪಿಂಗ್ ಕತ್ತಿ ರಬ್ಬರ್ ಮರದ ಮೈಮೇಲೆ ಒಂದು ಸಲ ಹಾಯ್ದಾಗ ಕಳಚಿ ಬೀಳುವ ತೊಗಟೆಯ ಎಳೆ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ. ಅದಕ್ಕಿಂತ ದಪ್ಪ ಕೆತ್ತಿದರೆ ಮರದ ಆಯುಷ್ಯ ದಂಡ. ತೆಳು ಕೆತ್ತಿದರೆ ಕಳೆದ ಸಲದ ಹಾಲು ಹೆಪ್ಪುಗಟ್ಟಿ ಮುಚ್ಚಿದ ನಾಳಗಳ ಬಾಯಿ ತೆರೆಯುವುದಿಲ್ಲ. ಆಳಕ್ಕೂ ಅಷ್ಟೇ ಕಟ್ಟುನಿಟ್ಟು. ಹಾಲಿನ ನಾಳಗಳು ದಟ್ಟವಾಗಿರುವುದು ತೊಗಟೆಯ ಒಳಪದರದಲ್ಲಿ. ಅದಕ್ಕೂ ಒಳಗೆ ಮರವನ್ನು ದಪ್ಪವಾಗಿಸುವ ಜೀವಪದರ. ಆ ಜೀವಪದರಕ್ಕೆ ಇನ್ನು ಒಂದು ಮಿಲಿಮೀಟರ್ ಇದೆ ಎನ್ನುವಾಗ ಕತ್ತಿ ನಿಲ್ಲಬೇಕು. ತಾಗಿತೋ, ಗಾಯ ಮಾಯುವಾಗ ಅಲ್ಲಿ ಗಂಟು ಏಳುತ್ತದೆ, ಮುಂದೆ ಹೊಸ ತೊಗಟೆ ಬಂದರೂ ಆ ಜಾಗದಲ್ಲಿ ಕತ್ತಿ ಸಲೀಸಾಗಿ ಓಡದು.

ದಕ್ಷಿಣ ಕನ್ನಡದ ನೆಲ್ಯಾಡಿ, ಇಚ್ಲಂಪಾಡಿ, ಕುಟ್ರುಪಾಡಿ, ಐತ್ತೂರು, ಅತ್ತ ಸುಳ್ಯದ ಮೇದಿನಡ್ಕದ ಗುಡ್ಡಗಳಲ್ಲಿ ಈ ಕೆಲಸ ನಡೆಯುವುದು ಬೆಳಕು ಹರಿಯುವ ಮೊದಲು, ಹಣೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ. ಬಿಸಿಲೇರಿದರೆ ಮರದೊಳಗಿನ ಒತ್ತಡ ಇಳಿದು ಹಾಲು ಕಡಿಮೆಯಾಗುತ್ತದೆ. ಒಬ್ಬ ಟ್ಯಾಪರ್ ಒಂದು ಬೆಳಗಿಗೆ ಮುನ್ನೂರು ಮರ ಮುಗಿಸುತ್ತಾನೆ, ನುರಿತವರು ನಾನೂರನ್ನೂ ಮುಟ್ಟುತ್ತಾರೆ. ಮೂರು ಗಂಟೆಯಲ್ಲಿ ಮುನ್ನೂರು ಎಂದರೆ ಮರಕ್ಕೆ 36 ಸೆಕೆಂಡು. ಒಂದು ಮರದಿಂದ ಇನ್ನೊಂದಕ್ಕೆ ಇಳಿಜಾರಿನಲ್ಲಿ ನಡೆಯುವುದು, ಗೆರೆಯ ಮೇಲೆ ಒಣಗಿ ಅಂಟಿದ ರಬ್ಬರಿನ ಎಳೆ ಕಿತ್ತು ಬುಟ್ಟಿಗೆ ಹಾಕುವುದು, ಗೆರಟೆ ಒರೆಸಿ ಇಡುವುದು, ಎಲ್ಲ ಸೇರಿ 36 ಸೆಕೆಂಡು. ಒಂದೊಂದು ಮರದ ಗೆರೆಯೂ ಒಂದಡಿಗೆ ಕಡಿಮೆಯಿಲ್ಲ. ಮುನ್ನೂರು ಗೆರೆ ಜೋಡಿಸಿ ನೋಡಿ: ಒಂದು ಬೆಳಗಿಗೆ ಹೆಚ್ಚು ಕಡಿಮೆ ನೂರು ಮೀಟರ್ ಉದ್ದದ ಕೆತ್ತನೆ. ನೂರು ಮೀಟರ್ ಉದ್ದಕ್ಕೂ ಒಂದು ಮಿಲಿಮೀಟರಿನ ಎಚ್ಚರ!

ಗೆರೆಯ ದಿಕ್ಕಿನಲ್ಲೂ ಲೆಕ್ಕವಿದೆ. ತೊಗಟೆಯೊಳಗಿನ ನಾಳಗಳು ನೇರ ಮೇಲಕ್ಕೆ ಹೋಗುವುದಿಲ್ಲ, ಮೂರು ನಾಲ್ಕು ಡಿಗ್ರಿಯಷ್ಟು ವಾಲಿಕೊಂಡು ಎಡದಿಂದ ಬಲಕ್ಕೆ ಏರುತ್ತವೆ. ಹಾಗಾಗಿ ಗೆರೆಯನ್ನು ಎಡದ ಮೇಲಿನಿಂದ ಬಲದ ಕೆಳಕ್ಕೆ, 30 ಡಿಗ್ರಿ ಓರೆಯಲ್ಲಿ ಎಳೆದರೆ ಹೆಚ್ಚು ನಾಳಗಳು ತುಂಡಾಗುತ್ತವೆ. ಕಣ್ಣಿಗೆ ಕಾಣದ ಆ ಮೂರು ಡಿಗ್ರಿಯ ವಾಲಿಕೆಗೆ ಜಗತ್ತಿನ ರಬ್ಬರ್ ತೋಟಗಳ ಗೆರೆಗಳು ಒಂದೇ ದಿಕ್ಕಿಗೆ ಬಾಗಿವೆ.

ಈ ಮರದ ಹಾಲಿನಿಂದ ಆಗುವ ವಸ್ತುಗಳಲ್ಲಿ ನಾನಿಲ್ಲಿ ಹಿಡಿದುಕೊಂಡಿರುವುದು ಒಂದನ್ನು ಮಾತ್ರ: ಕ್ಯಾನ್ವಾಸ್ ಶೂ. ಈಗಿನ ಹುಡುಗರ ಬಾಯಲ್ಲಿ ಸ್ನೀಕರ್. ಹಳೆಯ ಮಾದರಿಗಳನ್ನೇ ಒಳ್ಳೆಯ, ಪರಿಸರಕ್ಕೆ ಹಗುರವಾದ ಸಾಮಗ್ರಿಯಲ್ಲಿ ಮತ್ತೆ ಮಾಡಿ ದುಬಾರಿ ಬೆಲೆಗೆ ಮಾರುವ ಪೈಪೋಟಿ ದೊಡ್ಡ ಕಂಪನಿಗಳಲ್ಲಿ ನಡೆದಿದೆ. ಅಡಿದಾಸ್ ತನ್ನ ಸ್ಟಾನ್ ಸ್ಮಿತ್ ಶೂವನ್ನು 2021ರಲ್ಲಿ ಮರುಬಳಕೆಯ ಪಾಲಿಯೆಸ್ಟರಿಗೆ ಬದಲಿಸಿತು. ಕಾನ್ವರ್ಸ್ 2019ರಲ್ಲಿ ಹಳೆಯ ಪ್ಲಾಸ್ಟಿಕ್ ಬಾಟಲಿಗಳಿಂದ ನೇಯ್ದ ಕ್ಯಾನ್ವಾಸ್ ತಂದಿತು. ಆ ಶೂಗಳ ಅಡಿಯಲ್ಲಿರುವ ವಸ್ತು ನಮ್ಮ ಪುತ್ತೂರು, ಸುಳ್ಯ, ಕಡಬಗಳ ಗುಡ್ಡಗಳಲ್ಲಿ ಹನಿಹನಿಯಾಗಿ ಇಳಿಯುವುದೇ ಆದ್ದರಿಂದ ಲೆಕ್ಕವನ್ನು ಇಲ್ಲಿಂದಲೇ ಮಾಡಬೇಕೆನಿಸಿತು.

ಒಂದು ಜೋಡಿಗೆ 250 ಗ್ರಾಂ ನೈಸರ್ಗಿಕ ರಬ್ಬರ್ ಎಂದು ಇಟ್ಟುಕೊಳ್ಳೋಣ. ಮಾದರಿಯಿಂದ ಮಾದರಿಗೆ ಇದು ಏರಿಳಿಯುತ್ತದೆ, ಲೆಕ್ಕದ ಅನುಕೂಲಕ್ಕೆ ಇಷ್ಟು ಸಾಕು. ಚೆನ್ನಾಗಿ ನೋಡಿಕೊಂಡ ಒಂದು ಹೆಕ್ಟೇರ್ ತೋಟ ವರ್ಷಕ್ಕೆ 1,500 ಕಿಲೋ ಒಣ ರಬ್ಬರ್ ಕೊಡುತ್ತದೆ, ಅಲ್ಲಿ ಟ್ಯಾಪಿಂಗಿಗೆ ಬಂದ ಮರಗಳು ಮುನ್ನೂರು ಎಂದರೆ ಮರಕ್ಕೆ ಐದು ಕಿಲೋ. ಮೂರು ದಿನಕ್ಕೊಮ್ಮೆ ಟ್ಯಾಪಿಂಗ್, ಎಲೆ ಉದುರುವ ಕಾಲದಲ್ಲಿ ವಿಶ್ರಾಂತಿ, ಹೀಗೆ ವರ್ಷಕ್ಕೆ ನೂರು ಸಲ. ಒಂದು ಸಲಕ್ಕೆ ಒಂದು ಮರದಿಂದ 50 ಗ್ರಾಂ. ಅಲ್ಲಿಗೆ ಒಂದು ಜೋಡಿ ಶೂ ಎಂದರೆ ಒಂದು ಮರದ ಐದು ಬೆಳಗು, ಏಳೂವರೆ ಮಿಲಿಮೀಟರ್ ತೊಗಟೆ. ಆ ಮರ ಹಾಲು ಕೊಡಲು ಶುರುಮಾಡುವ ಮೊದಲು ಏಳು ವರ್ಷ ಸುಮ್ಮನೆ ಬೆಳೆದಿರುತ್ತದೆ, ಕಾಂಡದ ಸುತ್ತಳತೆ 50 ಸೆಂಟಿಮೀಟರ್ ಆಗುವ ತನಕ ಕತ್ತಿ ಇಡುವಂತಿಲ್ಲ. ಹಾಲನ್ನು ಹೆಪ್ಪುಗಟ್ಟಿಸಿ ಹೊಗೆಗೂಡಿನಲ್ಲಿ ಅಟ್ಟಕ್ಕೆ ನೇತುಹಾಕಿದ ಒಂದು ರಬ್ಬರ್ ಶೀಟ್ ಸುಮಾರು ಅರ್ಧ ಕಿಲೋ, ಎರಡು ಜೋಡಿ ಶೂವಿಗಾಗುವಷ್ಟು.

ಇನ್ನೊಂದು ತುದಿಯಿಂದ ನೋಡಿ. ಜಗತ್ತಿನಲ್ಲಿ 2022ರಲ್ಲಿ ತಯಾರಾದ ಪಾದರಕ್ಷೆಗಳು ಸುಮಾರು 2,390 ಕೋಟಿ ಜೋಡಿ. ಚಪ್ಪಲಿ, ಬೂಟು, ಶೂ ಎಲ್ಲ ಸೇರಿ. ಚೀನಾದ ನಂತರದ ಸ್ಥಾನ ಭಾರತದ್ದು. ಇಡೀ ಜಗತ್ತಿನ ಲೆಕ್ಕ ಸೆಕೆಂಡಿಗೆ 750 ಜೋಡಿಗೂ ಮಿಕ್ಕಿ. ಕಡಬದ ಟ್ಯಾಪರ್ ಒಂದು ಮರ ಮುಗಿಸಿ ಮುಂದಿನ ಮರಕ್ಕೆ ಕತ್ತಿ ಇಡುವ 36 ಸೆಕೆಂಡಿನಲ್ಲಿ ಎಲ್ಲೆಲ್ಲೋ 27,000 ಜೋಡಿ ತಯಾರಾಗಿ ಹೊರಬಿದ್ದಿರುತ್ತವೆ. ಅವನ ಒಂದು ಬೆಳಗಿನ ಇಡೀ ದುಡಿಮೆ 15 ಕಿಲೋ, ಅರುವತ್ತು ಜೋಡಿ.

ಇವೆಲ್ಲ ಕೈಗೆ ಸಿಗುವ ಸಂಖ್ಯೆಗಳು. ಹಾಲಿನೊಳಗೆ ಇಳಿದರೆ ಸಂಖ್ಯೆಗಳು ಬೇರೆಯೇ ಲೋಕಕ್ಕೆ ಒಯ್ಯುತ್ತವೆ.

ರಬ್ಬರ್ ಎನ್ನುವುದು ಐಸೋಪ್ರೀನ್ ಎಂಬ ಪುಟ್ಟ ಅಣುವಿನ ಸರಪಳಿ. ಐದು ಇಂಗಾಲ, ಎಂಟು ಜಲಜನಕ, ಇಷ್ಟೇ ಒಂದು ಕೊಂಡಿ. ಮರ ತನ್ನ ನಾಳದೊಳಗೆ ಈ ಕೊಂಡಿಗಳನ್ನು ಒಂದಕ್ಕೊಂದು ಪೋಣಿಸುತ್ತಾ ಹೋಗುತ್ತದೆ, ಒಂದು ಸರಪಳಿಗೆ ಹತ್ತಿಪ್ಪತ್ತು ಸಾವಿರ ಕೊಂಡಿ. ಎಳೆದು ನೇರ ಮಾಡಿದಾಗ ಒಂದು ಕೊಂಡಿಯ ಉದ್ದ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗದ ಅರ್ಧಕ್ಕಿಂತಲೂ ಕಡಿಮೆ, 0.4 ನ್ಯಾನೋಮೀಟರ್. 250 ಗ್ರಾಂ ರಬ್ಬರಿನಲ್ಲಿ ಅಂಥ ಕೊಂಡಿಗಳು ಎಷ್ಟು? 22ರ ಮುಂದೆ 23 ಸೊನ್ನೆ. ಒಂದು ಜೋಡಿ ಶೂವಿನ ಅಡಿಯಲ್ಲಿರುವ ಸರಪಳಿಗಳನ್ನೆಲ್ಲ ಬಿಡಿಸಿ, ಉದ್ದಕ್ಕೆ ಎಳೆದು, ಒಂದರ ತುದಿಗೆ ಇನ್ನೊಂದನ್ನು ಹಚ್ಚುತ್ತಾ ಹೋದರೆ ಆಗುವ ಉದ್ದ ಸುಮಾರು 89,000 ಕೋಟಿ ಕಿಲೋಮೀಟರ್. ಭೂಮಿಯಿಂದ ಸೂರ್ಯನಿಗೆ 15 ಕೋಟಿ ಕಿಲೋಮೀಟರ್. ಅಷ್ಟು ದೂರವನ್ನು ಹತ್ತಿರ ಹತ್ತಿರ ಮೂರು ಸಾವಿರ ಸಲ ಹೋಗಿ ಬರಬಹುದು. ಆ ದಾರದ ಈ ತುದಿಯಿಂದ ಹೊರಟ ಬೆಳಕು ಆ ತುದಿ ಮುಟ್ಟಲು 34 ದಿನ ಬೇಕು. ಒಂದೇ ಮರ ಒಂದೇ ಬೆಳಗಿನಲ್ಲಿ ಗೆರಟೆಗೆ ಇಳಿಸುವ 50 ಗ್ರಾಂ ಕೂಡ ಬೆಳಕಿಗೆ ಒಂದು ವಾರದ ದಾರಿ. ಈ ಗುಣಾಕಾರವನ್ನು ತಪ್ಪಿದೆಯೇನೋ ಎಂದು ಮತ್ತೆ ಮತ್ತೆ ಮಾಡಿ ನೋಡಿದ್ದೇನೆ, ಉತ್ತರ ಅಲುಗುವುದಿಲ್ಲ.

ಸರಪಳಿ ಇಷ್ಟು ಉದ್ದವಿದ್ದರೂ ಹಸಿ ರಬ್ಬರ್ ಶೂವಿಗಾಗದು. ಪುತ್ತೂರಿನ ಏಪ್ರಿಲ್ ಸೆಕೆಗೆ ಅದು ಅಂಟಂಟಾಗಿ ನೆಲಕ್ಕೆ ಕಚ್ಚಿಕೊಳ್ಳುತ್ತದೆ, ಚಳಿಗೆ ಬಿರುಸಾಗುತ್ತದೆ. ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಗಂಧಕ ಸೇರಿಸಿ ಕಾಯಿಸುವ ಉಪಾಯ ಕಂಡುಹಿಡಿದ, 1844ರಲ್ಲಿ ಪೇಟೆಂಟ್ ಪಡೆದ. ನೂರು ಗ್ರಾಂ ರಬ್ಬರಿಗೆ ಎರಡು ಗ್ರಾಂ ಆಸುಪಾಸು ಗಂಧಕ ಸಾಕು. ಒಂದು ಸರಪಳಿಗೂ ಪಕ್ಕದ ಸರಪಳಿಗೂ ನಡುವೆ ಅಲ್ಲಲ್ಲಿ ಗಂಧಕದ ಸೇತುವೆ ಬೀಳುತ್ತದೆ, ಆಮೇಲೆ ಎಳೆದರೂ ಒತ್ತಿದರೂ ಎಲ್ಲ ಸರಪಳಿಗಳೂ ಮೊದಲಿನ ಜಾಗಕ್ಕೆ ಮರಳುತ್ತವೆ. ದಿನಕ್ಕೆ ಐದು ಸಾವಿರ ಹೆಜ್ಜೆ ನಡೆಯುವ, ಅರುವತ್ತು ಕಿಲೋ ತೂಗುವ ಒಬ್ಬರನ್ನು ತೆಗೆದುಕೊಳ್ಳಿ. ಒಂದೊಂದು ಶೂವಿನ ಮೇಲೂ ದಿನಕ್ಕೆ 2,500 ಸಲ ಅರುವತ್ತು ಕಿಲೋ ಬೀಳುತ್ತದೆ, ಕೂಡಿಸಿದರೆ 150 ಟನ್. ವರ್ಷಕ್ಕೆ ಒಂಬತ್ತು ಲಕ್ಷ ಸಲ ಬಾಗಿ, ಒಂಬತ್ತು ಲಕ್ಷ ಸಲ ನೆಟ್ಟಗಾಗಬೇಕು. ಐದು ಬೆಳಗಿನ ಹಾಲು, ಒಂದು ಚಿಟಿಕೆ ಗಂಧಕ ಸೇರಿ ಅಷ್ಟನ್ನೂ ತಾಳಿಕೊಳ್ಳುತ್ತವೆ.

ಇಂದಿನ ಕಂಪನಿಗಳು ಹೊಸದೆಂದು ಮುಂದಿಡುತ್ತಿರುವುದನ್ನು ನೋಡುವಾಗ ಒಂದು ವಿಷಯ ನನಗೆ ಮುಖ್ಯವೆನಿಸುತ್ತದೆ. ಕಾನ್ವರ್ಸ್ 1917ರಲ್ಲಿ ಆಲ್ ಸ್ಟಾರ್ ತಂದಾಗ, ಬಾಟಾ 1936ರಲ್ಲಿ ನಮ್ಮ ದೇಶದ ಶಾಲಾ ಮಕ್ಕಳಿಗೆಂದೇ ಬಿಳಿ ಟೆನ್ನಿಸ್ ಶೂ ಮಾಡಿದಾಗ, ಅವುಗಳಲ್ಲಿ ಇದ್ದದ್ದು ಮುಖ್ಯವಾಗಿ ಎರಡೇ ವಸ್ತು, ಹತ್ತಿ ಮತ್ತು ರಬ್ಬರ್. ಪಿ.ಟಿ. ದಿನ ಬಿಳಿ ಪಾಲಿಶ್ ಬಳಿದು ಹಾಕಿಕೊಂಡ ಆ ಶೂ ಬಹುಪಾಲು ಗಿಡಮರದಿಂದಲೇ ಬಂದದ್ದು. ಬಟ್ಟೆಯ ಪದರಗಳನ್ನು ಒಂದಕ್ಕೊಂದು ಅಂಟಿಸಲು ಬಳಸುತ್ತಿದ್ದದ್ದೂ ರಬ್ಬರ್ ಹಾಲೇ. ಆಮೇಲೆ ಬಂದದ್ದು ಪೆಟ್ರೋಲಿಯಂ. ಎರಡನೇ ಮಹಾಯುದ್ಧದಲ್ಲಿ ಜಪಾನ್ ಆಗ್ನೇಯ ಏಷ್ಯಾವನ್ನು ಹಿಡಿದಾಗ ಜಗತ್ತಿನ ನೈಸರ್ಗಿಕ ರಬ್ಬರಿನ ಶೇಕಡ 90ರಷ್ಟು ಅಮೆರಿಕದ ಕೈತಪ್ಪಿತು. ಅಮೆರಿಕದಲ್ಲಿ 1941ರಲ್ಲಿ ವರ್ಷಕ್ಕೆ 231 ಟನ್ ಇದ್ದ ಸಾಮಾನ್ಯ ಬಳಕೆಯ ಕೃತಕ ರಬ್ಬರಿನ ಉತ್ಪಾದನೆ 1945ಕ್ಕೆ ತಿಂಗಳಿಗೆ 70,000 ಟನ್ ಆಯಿತು. ಯುದ್ಧ ಮುಗಿದರೂ ಆ ಕಾರ್ಖಾನೆಗಳು ನಿಲ್ಲಲಿಲ್ಲ. ಶೂವಿನೊಳಗೆ ಪ್ಲಾಸ್ಟಿಕ್ ನೊರೆ, ಕೃತಕ ಚರ್ಮ, ಪಾಲಿಯೆಸ್ಟರ್, ಬಗೆಬಗೆಯ ಅಂಟು ಒಂದೊಂದಾಗಿ ಸೇರಿಕೊಂಡವು. ಅಮೆರಿಕದ ಎಂಐಟಿ ಸಂಶೋಧಕರು 2013ರಲ್ಲಿ ಒಂದು ಜೋಡಿ ಓಟದ ಶೂವನ್ನು ಬಿಡಿಸಿ ಲೆಕ್ಕಹಾಕಿದರು: 65 ಬಿಡಿಭಾಗ, 360 ಹಂತದ ತಯಾರಿ, ಜೋಡಿಗೆ ಸುಮಾರು 14 ಕಿಲೋ ಇಂಗಾಲಾಮ್ಲ. ಆದ್ದರಿಂದ ಹಳೆಯ ಶೂವನ್ನು ಒಳ್ಳೆಯ ಸಾಮಗ್ರಿಯಲ್ಲಿ ಮತ್ತೆ ಮಾಡುವುದೆಂದರೆ ಅರ್ಧದಷ್ಟಾದರೂ ಅದು ಮೊದಲಿದ್ದಲ್ಲಿಗೆ ಹಿಂದಿರುಗುವುದು. ಹಿಂದಿರುಗುವ ದಾರಿ ರಬ್ಬರ್ ತೋಟದ ಮೂಲಕವೇ ಹೋಗುತ್ತದೆ.

ಆ ತೋಟ ಸುಳ್ಯಕ್ಕೆ ಬಂದ ದಾರಿಯೂ ಕಡಿಮೆ ಬೆರಗಿನದಲ್ಲ. ಹೆನ್ರಿ ವಿಕ್‌ಹ್ಯಾಮ್ ಎಂಬ ಇಂಗ್ಲಿಷಿನವ 1876ರಲ್ಲಿ ಬ್ರೆಜಿಲಿನ ಅಮೆಜಾನ್ ಕಾಡಿನಿಂದ 70,000 ರಬ್ಬರ್ ಬೀಜಗಳನ್ನು ಹಡಗಿನಲ್ಲಿ ಲಂಡನ್ನಿನ ಕ್ಯೂ ಉದ್ಯಾನಕ್ಕೆ ಸಾಗಿಸಿದ. ಮೊಳೆತದ್ದು ಮೂರು ಸಾವಿರಕ್ಕೂ ಕಡಿಮೆ. ಅವುಗಳಲ್ಲಿ 1,919 ಸಸಿಗಳನ್ನು 38 ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಅದೇ ವರ್ಷ ಸಿಲೋನಿಗೆ (ಈಗಿನ ಶ್ರೀಲಂಕಾ) ಕಳಿಸಿದರು. ಇಂದು ಏಷ್ಯಾದ ಲಕ್ಷಾಂತರ ಹೆಕ್ಟೇರುಗಳಲ್ಲಿ ನಿಂತಿರುವ ರಬ್ಬರ್ ಮರಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಆ ಒಂದು ಹಡಗಿನ ಬೀಜಗಳ ಸಂತಾನ.

ಸಿಲೋನಿನ ಟೀ ಮತ್ತು ರಬ್ಬರ್ ಎಸ್ಟೇಟುಗಳಿಗೆ ಕೂಲಿಗಳಾಗಿ ಹೋದವರು ತಮಿಳುನಾಡಿನ ಬಡವರು. ನಾಲ್ಕೈದು ತಲೆಮಾರು ಅಲ್ಲೇ ದುಡಿದರು. ಸಿಲೋನ್ ಸ್ವತಂತ್ರವಾದ 1948ರಲ್ಲೇ ಬಂದ ಪೌರತ್ವ ಕಾಯ್ದೆ ಅವರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. ಕೊನೆಗೆ 1964ರ ಅಕ್ಟೋಬರಿನಲ್ಲಿ ಎರಡೂ ದೇಶಗಳ ಪ್ರಧಾನಿಗಳಾದ ಲಾಲ್ ಬಹಾದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಲ್ಲಿ 9,75,000 ಮನುಷ್ಯರನ್ನು ಹಂಚಿಕೊಂಡರು: 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ, ಉಳಿದ 1,50,000 ಮಂದಿಯ ವಿಷಯ ಆಮೇಲೆ ನೋಡುವುದು ಎಂದು. ಸಂಖ್ಯೆಗಳ ಬಗ್ಗೆ ಬರೆಯುವಾಗ ನನ್ನ ಪೆನ್ನು ನಿಲ್ಲುವುದು ಇಲ್ಲಿ. ಬೀಜಕ್ಕೆ, ಅಣುವಿಗೆ ಸೊನ್ನೆ ಸೇರಿಸುತ್ತಾ ಹೋದರೆ ಬೆರಗಾಗುತ್ತದೆ. ಮನೆಮಂದಿಯನ್ನು ಲಕ್ಷದ ಲೆಕ್ಕದಲ್ಲಿ ಪಾಲು ಮಾಡಿದ್ದನ್ನು ಓದುವಾಗ ಸಂಕಟವಾಗುತ್ತದೆ.

ಹಾಗೆ ಸಮುದ್ರ ದಾಟಿ ಬಂದವರಲ್ಲಿ ಸಾವಿರಾರು ಮಂದಿಗೆ ಸುಳ್ಯ, ಪುತ್ತೂರು ಕಡೆಯ ಅರಣ್ಯ ಭೂಮಿಯಲ್ಲಿ ಎಬ್ಬಿಸಿದ ರಬ್ಬರ್ ತೋಟಗಳಲ್ಲಿ ಕೆಲಸ, ವಸತಿ ಕೊಟ್ಟರು. ತೋಟಗಳು ಮುಂದೆ 1971ರಲ್ಲಿ ಹುಟ್ಟಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ಕೈಗೆ ಬಂದವು, ನಾಲ್ಕು ಸಾವಿರ ಹೆಕ್ಟೇರಿಗೂ ಮಿಕ್ಕಿದ ವಿಸ್ತಾರ. ಎಲ್ಲ ಮರಗಳೂ ಹರೆಯದಲ್ಲಿದ್ದು ಹೆಕ್ಟೇರಿಗೆ 1,500 ಕಿಲೋ ಕೊಟ್ಟರೆ ಅಷ್ಟು ನೆಲದಿಂದ ವರ್ಷಕ್ಕೆ ಎರಡು ಕೋಟಿ ನಲವತ್ತು ಲಕ್ಷ ಜೋಡಿಯ ರಬ್ಬರ್ ಹೊರಡಬಹುದು. ಮೇದಿನಡ್ಕದಲ್ಲಿ ನಿಗಮದ ಸೆನೆಕ್ಸ್ ಕಾರ್ಖಾನೆ ಇದೆ. ಹಾಲನ್ನು ಯಂತ್ರದಲ್ಲಿ ರಭಸದಿಂದ ತಿರುಗಿಸಿ ನೀರು ತೆಗೆದು ಶೇಕಡ 60ಕ್ಕೆ ಗಟ್ಟಿ ಮಾಡುವ ಜಾಗ. ಅಮೆಜಾನಿನ ಮರ, ಸಿಲೋನಿನಲ್ಲಿ ಕಲಿತ ಕೈ, ಪಯಸ್ವಿನಿ ಹೊಳೆಯ ಸೀಮೆಯ ಗುಡ್ಡ, ಮೂರೂ ಕೂಡಿದ್ದು ಹೀಗೆ. ಕಡಬ, ನೆಲ್ಯಾಡಿ ಕಡೆಯ ಖಾಸಗಿ ತೋಟಗಳ ಕತೆ ಬೇರೆ. ಅಲ್ಲಿ ಕೇರಳದಿಂದ ಬಂದು ನೆಲೆಸಿದ ಕ್ರೈಸ್ತ ಕೃಷಿಕರು ರಬ್ಬರ್ ಹಬ್ಬಿಸಿದರು, ಸ್ಥಳೀಯರು ಅವರನ್ನು ನೋಡಿ ನೆಟ್ಟರು. ಹೊಗೆಗೂಡಿನ ಭಾಷೆಯಲ್ಲಿ ಗೆರೆಯ ಮೇಲೆ ಅಂಟಿ ಒಣಗಿದ ರಬ್ಬರಿಗೆ ಇಂದಿಗೂ ಒಟ್ಟುಪಾಲು ಎಂಬ ಮಲಯಾಳಂ ಮಾತು ಉಳಿದಿದೆ.

ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣವಿರುವ ನೆಟ್ಟಣದಲ್ಲಿ ರಬ್ಬರ್ ಸಂಶೋಧನಾ ಸಂಸ್ಥೆಯ ತಳಿ ಅಭಿವೃದ್ಧಿ ಉಪಕೇಂದ್ರವಿದೆ. ಆ ಸಂಸ್ಥೆ 1980ರಲ್ಲಿ ಬಿಡುಗಡೆ ಮಾಡಿದ ಆರ್‌ಆರ್‌ಐಐ 105 ಎಂಬ ತಳಿ ಭಾರತದ ಬಹುಪಾಲು ತೋಟಗಳಲ್ಲಿದೆ. ಅದು ಬೀಜದಿಂದ ಬರುವುದಿಲ್ಲ, ಕಣ್ಣು ಕಸಿಯಿಂದ ಬರುತ್ತದೆ. ಕೋಟಿಗಟ್ಟಲೆ ಮರಗಳು ಒಂದೇ ತಾಯಿಮರದ ತುಣುಕುಗಳು. ಹಾಲು ಹೆಚ್ಚು, ನಿಜ. ಆದರೆ ದಕ್ಷಿಣ ಅಮೆರಿಕದಲ್ಲಿರುವ ಎಲೆಕೊಳೆ ಶಿಲೀಂಧ್ರವೊಂದು ಏಷ್ಯಾಕ್ಕೆ ಕಾಲಿಟ್ಟರೆ ಇಷ್ಟೊಂದು ಏಕರೂಪದ ಮರಗಳ ಗತಿ ಏನು ಎಂಬ ಭಯ ವಿಜ್ಞಾನಿಗಳಿಗಿದೆ. ಹೆನ್ರಿ ಫೋರ್ಡ್ 1928ರಲ್ಲಿ ಅಮೆಜಾನಿನಲ್ಲಿ ಕಟ್ಟಿದ ಫೋರ್ಡ್‌ಲ್ಯಾಂಡಿಯಾ ತೋಟವನ್ನು ಮುಗಿಸಿದ್ದರಲ್ಲಿ ಅದರ ಪಾಲು ದೊಡ್ಡದು. ಆ ಭಯದಿಂದಲೇ 1981ರಲ್ಲಿ ರಬ್ಬರ್ ಬೆಳೆಯುವ ದೇಶಗಳ ವಿಜ್ಞಾನಿಗಳು ಮತ್ತೆ ಅಮೆಜಾನಿಗೆ ಹೋಗಿ ಕಾಡುಮರಗಳ ಅರುವತ್ತು ಸಾವಿರಕ್ಕೂ ಹೆಚ್ಚು ಬೀಜ ತಂದರು. ವಿಕ್‌ಹ್ಯಾಮ್ ಹೋಗಿ 105 ವರ್ಷವಾದ ಮೇಲೆ!

ಮಳೆಯ ಲೆಕ್ಕ ಹೇಳದೆ ಮುಂದೆ ಹೋಗುವಂತಿಲ್ಲ. ವರ್ಷಕ್ಕೆ 4,000 ಮಿಲಿಮೀಟರ್ ಸುರಿಯುವ ಈ ಸೀಮೆಯಲ್ಲಿ ಒಂದು ಹೆಕ್ಟೇರ್ ತೋಟದ ಮೇಲೆ ಬೀಳುವ ನೀರು ನಾಲ್ಕು ಕೋಟಿ ಲೀಟರ್. ಅಷ್ಟರ ನಡುವೆ ಮರದ ಮೇಲಿನ ಒಂದಡಿ ಗೆರೆ ಒಣಗಿರಬೇಕು. ನೀರು ಹರಿದರೆ ಹಾಲು ಗೆರೆ ತಪ್ಪಿ ಕಾಂಡವಿಡೀ ಹರಡಿ ಹೋಗುತ್ತದೆ. ಅದಕ್ಕೇ ಮೇ ತಿಂಗಳಲ್ಲಿ ಪ್ರತಿ ಮರದ ಸೊಂಟಕ್ಕೂ ಡಾಂಬರಿನಂಥ ಅಂಟು ಬಳಿದು ಪ್ಲಾಸ್ಟಿಕ್ ಲಂಗ ಕಟ್ಟುತ್ತಾರೆ. ಮಳೆಗಾಲದಲ್ಲಿ ಎಲೆ ಉದುರಿಸುವ ರೋಗ ತರುವುದು ಫೈಟಾಫ್ತೋರಾ, ನಮ್ಮ ಅಡಿಕೆಗೆ ಕೊಳೆರೋಗ ತರುವ ಅದೇ ಕುಲದ ಜೀವಿ. ಇಲ್ಲಿಯ ಕೃಷಿಕ ಎರಡೂ ತೋಟದಲ್ಲಿ ಒಂದೇ ಶತ್ರುವಿಗೆ ತಾಮ್ರದ ಮದ್ದು ಹೊಡೆಯುತ್ತಾನೆ. ಇನ್ನು ಕತ್ತಲಲ್ಲಿ ತೋಟಕ್ಕೆ ಹೋಗುವವರಿಗೆ ಆನೆಯ ಭಯ ಬೇರೆ. ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ 2023ರ ಫೆಬ್ರವರಿಯ ಒಂದು ಬೆಳಗ್ಗೆ ಆನೆ ಇಬ್ಬರನ್ನು ಕೊಂದಿತು. ಟ್ಯಾಪಿಂಗ್ ಮಾಡುವವರ ಮನೆಯಲ್ಲಿ ಬೆಳಕು ಹರಿಯುವವರೆಗೆ ಯಾರಿಗೂ ನೆಮ್ಮದಿಯಿಲ್ಲ.

ಶೂವಿನ ಅಡಿಯಾಯಿತು, ಮೇಲಿನ ಭಾಗ? ಇಲ್ಲಿಯೂ ನಮ್ಮ ಸೀಮೆಯಲ್ಲಿ ಒಂದು ವಸ್ತುವಿದೆ, ದಿನವೂ ಅಂಗಳಕ್ಕೆ ಬೀಳುವಂಥದು. ಅಡಿಕೆ ಹಾಳೆ. ಗದ್ದೆ ಕೆಲಸದವರ ತಲೆಯ ಮೇಲಿನ ಮುಟ್ಟಾಳೆ ಅದರದ್ದೇ. ನೆದರ್ಲೆಂಡ್ಸಿನ ಚೀರ್ಡ್ ವೇನ್‌ಹೋವೆನ್ ಎಂಬ ವಿನ್ಯಾಸಕಾರ ಒಣಗಿ ಬಿರುಸಾಗುವ ಈ ಹಾಳೆಯನ್ನು ಗ್ಲಿಸರಿನ್ ದ್ರಾವಣದಲ್ಲಿ ಮೆದುಮಾಡಿ ಚರ್ಮದಂತೆ ಬಾಗಿಸಿದ, ಅದರಿಂದ ಚಪ್ಪಲಿ ಮಾಡಿ ತೋರಿಸಿದ. ಲೆಕ್ಕ ನೋಡಿ. ಒಂಬತ್ತಡಿ ಅಂತರದ ತೋಟದಲ್ಲಿ ಹೆಕ್ಟೇರಿಗೆ 1,300ಕ್ಕೂ ಹೆಚ್ಚು ಅಡಿಕೆ ಮರ. ಮರಕ್ಕೆ ವರ್ಷಕ್ಕೆ ಆರು ಹಾಳೆ ಎಂದರೆ 7,800. ಹರಿದದ್ದು, ಕೊಳೆತದ್ದು ಲೆಕ್ಕಕ್ಕೆ ಸೇರಿಸಿ ಜೋಡಿಗೆ ಎರಡು ಹಾಳೆಯಂತೆ ಧಾರಾಳವಾಗಿ ಹಿಡಿದರೂ 3,900 ಜೋಡಿ. ರಬ್ಬರ್ ಹೆಕ್ಟೇರಿಗೆ 6,000 ಜೋಡಿ ಕೊಡುತ್ತದೆ. ಒಂದು ಹೆಕ್ಟೇರ್ ರಬ್ಬರಿಗೆ ಒಂದೂವರೆ ಹೆಕ್ಟೇರ್ ಅಡಿಕೆ ಇದ್ದರೆ ಅಡಿಗೂ ಮೇಲಿಗೂ ಸರಿಹೊಂದುತ್ತದೆ. ಕಡಬದ ಎಷ್ಟೋ ಮನೆಗಳ ಜಮೀನು ಇರುವುದು ಹೀಗೆಯೇ, ಕೆಳಗೆ ಅಡಿಕೆ, ಮೇಲೆ ಗುಡ್ಡದಲ್ಲಿ ರಬ್ಬರ್.

ಹಾಳೆಗೆ ಹೊಸ ದಾರಿ ಹುಡುಕುವುದು ಈಗ ತುರ್ತಾಗಿಯೂ ಇದೆ. ಅಡಿಕೆಯಲ್ಲಿರುವ ಆಲ್ಕಲಾಯ್ಡುಗಳು ಊಟಕ್ಕೆ ಸೇರಬಹುದು ಎಂಬ ಕಾರಣಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2025ರ ಮೇ ತಿಂಗಳಲ್ಲಿ ಹಾಳೆತಟ್ಟೆಗಳ ಆಮದಿಗೆ ತಡೆ ಹಾಕಿತು. ಜಿಲ್ಲೆಯ ತಟ್ಟೆ ಘಟಕಗಳಿಗೆ ಅದು ದೊಡ್ಡ ಪೆಟ್ಟು. ತಟ್ಟೆಯಾಗಲಾಗದ್ದು ಶೂವಾಗಬಹುದೇ? ಸುಲಭವಿಲ್ಲ. ವರ್ಷಕ್ಕೆ ಒಂಬತ್ತು ಲಕ್ಷ ಸಲ ಬಾಗುವ ಜಾಗದಲ್ಲಿ ನಾರಿನ ಉದ್ದಕ್ಕೆ ಸೀಳುವುದು ಹಾಳೆಯ ಸ್ವಭಾವ. ಬಟ್ಟೆಯ ಬೆನ್ನು ಕೊಡಬೇಕು, ಬೆರಳು ಮಡಚುವಲ್ಲಿ ಬೇರೆ ವಸ್ತು ಇಡಬೇಕು. ಆದರೆ ಹಾಳೆ ನೆಲ ಕೇಳುವುದಿಲ್ಲ, ನೀರು ಕೇಳುವುದಿಲ್ಲ, ಮರ ಕಡಿಯುವುದೂ ಬೇಡ. ಪ್ರಯತ್ನಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಪುತ್ತೂರಿನಲ್ಲೇ ಇರುವ ಗೇರು ಸಂಶೋಧನಾ ನಿರ್ದೇಶನಾಲಯದ ಬೆಳೆಯಿಂದಲೂ ಒಂದು ಪಾಲು ಸಿಗುತ್ತದೆ: ಗೇರುಬೀಜದ ಸಿಪ್ಪೆಯ ತೂಕದಲ್ಲಿ ಐದರಲ್ಲೊಂದು ಭಾಗ ಎಣ್ಣೆ, ರಬ್ಬರನ್ನು ಮೃದುಗೊಳಿಸಲು ಪೆಟ್ರೋಲಿಯಂ ಎಣ್ಣೆಯ ಬದಲು ಅದನ್ನು ಬಳಸಬಹುದು. ಕ್ಯಾನ್ವಾಸಿಗೆ ಧಾರವಾಡದ ಕೃಷಿ ವಿಶ್ವವಿದ್ಯಾಲಯ ರೂಪಿಸಿದ, ಬಣ್ಣ ಹಾಕದೆಯೇ ಕಂದಾಗಿರುವ ದೇಸಿ ಹತ್ತಿ ಇದೆ.

ಪರಿಸರಸ್ನೇಹಿ ಎಂಬ ಮಾತನ್ನು ಮಾತ್ರ ನಾನು ತೂಗಿಯೇ ಬಳಸುತ್ತೇನೆ. ರಬ್ಬರ್ ಮರದಿಂದ ಬಂದದ್ದು ಎಂದ ಮಾತ್ರಕ್ಕೆ ಕಾಡಿಗೆ ಒಳ್ಳೆಯದಾಯಿತು ಎಂದಲ್ಲ. ಉಪಗ್ರಹ ಚಿತ್ರಗಳನ್ನಿಟ್ಟುಕೊಂಡು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಗ್ನೇಯ ಏಷ್ಯಾದಲ್ಲಿ 1993ರಿಂದೀಚೆಗೆ ರಬ್ಬರಿಗಾಗಿ ನಾಶವಾದ ಕಾಡು 40 ಲಕ್ಷ ಹೆಕ್ಟೇರಿಗೂ ಹೆಚ್ಚು ಎಂದು ಹೇಳಿತು. ಅರ್ಧ ಶತಮಾನದ ಹಿಂದೆ ಸುಳ್ಯದ ಗುಡ್ಡಗಳಲ್ಲೂ ಕಾಡಿದ್ದ ಜಾಗದಲ್ಲೇ ರಬ್ಬರ್ ಬಂದದ್ದು. ಆ ಕಾಡು ಮರಳದು, ಆದರೆ ಇನ್ನೊಂದು ಗುಡ್ಡ ಬೋಳಾಗದಂತೆ ನೋಡಿಕೊಳ್ಳಬಹುದು. ಯುರೋಪಿನ ಹೊಸ ಕಾನೂನು ಅದಕ್ಕೊಂದು ಗಡಿ ಹಾಕಿದೆ: 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ರಬ್ಬರ್, ಕೊಕ್ಕೊ, ಕಾಫಿ ಮೊದಲಾದ ಏಳು ಸರಕುಗಳು ಒಳಬರುವಂತಿಲ್ಲ. ಜಾರಿಯನ್ನು ಎರಡು ಸಲ ಮುಂದೂಡಿದ್ದಾರೆ, ಕಾನೂನು ರದ್ದಾಗಿಲ್ಲ. ಪ್ರತಿ ತೋಟದ ಅಕ್ಷಾಂಶ ರೇಖಾಂಶಗಳನ್ನು ದಶಾಂಶದ ಆರನೇ ಸ್ಥಾನದವರೆಗೆ ಕೊಡಬೇಕು ಎನ್ನುತ್ತದೆ ಅದು. ಆರನೇ ಸ್ಥಾನ ಎಂದರೆ ನೆಲದ ಮೇಲೆ 11 ಸೆಂಟಿಮೀಟರ್. ಬ್ರಸೆಲ್ಸಿನಲ್ಲಿ ಕುಳಿತವರಿಗೆ ಕೊಂಬಾರಿನ ಗುಡ್ಡದಲ್ಲಿ ಒಂದು ಅಂಗೈ ಅಗಲದ ನೆಲದ ಗುರುತು ಬೇಕು.

ಇನ್ನು ಹಣ. ರಬ್ಬರ್ ಬೆಲೆ 2011ರಲ್ಲಿ ಕಿಲೋಗೆ 240 ರೂಪಾಯಿಯ ಆಸುಪಾಸಿಗೆ ಏರಿ, ಕೆಲವೇ ವರ್ಷಗಳಲ್ಲಿ ನೂರರ ಹತ್ತಿರಕ್ಕೆ ಕುಸಿದು, ಎಷ್ಟೋ ಮಂದಿ ಟ್ಯಾಪಿಂಗ್ ನಿಲ್ಲಿಸಿ, 2024ರ ಆಗಸ್ಟಿನಲ್ಲಿ ಮತ್ತೆ 240 ದಾಟಿತು. ಇನ್ನೂರು ಎಂದು ಹಿಡಿಯೋಣ. ಶೂ ಜೋಡಿಯೊಂದರ ರಬ್ಬರಿಗೆ 50 ರೂಪಾಯಿ. ಒಳ್ಳೆಯ ಸಾಮಗ್ರಿ ಎಂದು ಹೇಳಿ 10,000 ರೂಪಾಯಿಗೆ ಮಾರುವ ಜೋಡಿಯಲ್ಲಿ ಆ ಸಾಮಗ್ರಿಯ ಪಾಲು ನೂರು ರೂಪಾಯಿಗೆ ಎಂಟಾಣೆ. ಒಬ್ಬ ಟ್ಯಾಪರ್ ಒಂದು ಬೆಳಗಿನಲ್ಲಿ ಇಳಿಸಿದ ಹಾಲು ಅಂಗಡಿಯ ಗಾಜಿನ ಹಿಂದೆ ಆರು ಲಕ್ಷ ರೂಪಾಯಿಯ ಶೂವಾಗಿ ನಿಲ್ಲುತ್ತದೆ. ಗುಡ್ಡಕ್ಕೆ ಮರಳುವುದು ಅದರಲ್ಲಿ 3,000, ಅದೂ ತೋಟದವನಿಗೂ ಟ್ಯಾಪರಿಗೂ ಸೇರಿ. ಈ ಅಂತರ ನನಗೆ ಸೂರ್ಯನವರೆಗಿನ ಸರಪಳಿಗಿಂತ ಹೆಚ್ಚು ನಂಬಲಾರದ್ದಾಗಿ ಕಾಣುತ್ತದೆ.

ಬೇರೆ ರೀತಿಯಲ್ಲಿ ನಡೆಸಲು ಸಾಧ್ಯವಿದೆ. ಪ್ಯಾರಿಸ್ಸಿನ ವೇಜಾ ಎಂಬ ಶೂ ಕಂಪನಿ ಸುಮಾರು ಇಪ್ಪತ್ತು ವರ್ಷದಿಂದ ಬ್ರೆಜಿಲಿನ ಅಮೆಜಾನ್ ಕಾಡಿನಲ್ಲಿ ಹಾಲು ಇಳಿಸುವವರಿಂದ ಪೇಟೆಗಿಂತ ಹೆಚ್ಚು ಬೆಲೆ ಕೊಟ್ಟು ರಬ್ಬರ್ ಕೊಳ್ಳುತ್ತಿದೆ. ಇಲ್ಲಿ ಕಿಲೋಗೆ 200ರ ಬದಲು 400 ಕೊಟ್ಟರು ಎನ್ನೋಣ. 10,000 ರೂಪಾಯಿಯ ಶೂ 10,050 ಆಗುತ್ತದೆ. ನಮ್ಮ ದೇಶದ ಸರಾಸರಿ ರಬ್ಬರ್ ಹಿಡುವಳಿ ಅರ್ಧ ಹೆಕ್ಟೇರಿನ ಆಸುಪಾಸು. ಅಂಥ ತೋಟದ 750 ಕಿಲೋಗೆ ವರ್ಷಕ್ಕೆ ಒಂದೂವರೆ ಲಕ್ಷ ರೂಪಾಯಿ ಹೆಚ್ಚು ಸಿಗುತ್ತದೆ.

ಇಂದು ಕಡಬದ ಶೀಟು, ಸುಳ್ಯದ ಶೀಟು, ಪುತ್ತೂರಿನ ಶೀಟು ಎಲ್ಲ ವ್ಯಾಪಾರಿಯ ಗೋದಾಮಿನಲ್ಲಿ ಒಂದೇ ಅಟ್ಟಿಯಾಗುತ್ತವೆ, ಹೆಚ್ಚಿನದ್ದು ಟಯರಿಗೆ ಹೋಗುತ್ತದೆ. ಜಾಗದ ಗುರುತು ಶೀಟಿನ ಜತೆಗೇ ಉಳಿಯುವ ಕಾಲ ಬಂದರೆ, ಬೇರೆಯಾಗಿ ಕಟ್ಟಿ, ಬೇರೆಯಾಗಿ ಬೆಲೆ ಕೇಳಬಹುದು. ಆರಂಭಕ್ಕೆ ಒಂದು ಲಾರಿ, ಹತ್ತು ಟನ್. ಅದರಲ್ಲಿ ನಲವತ್ತು ಸಾವಿರ ಜೋಡಿ ಶೂ ಆಗುತ್ತದೆ. ವರ್ಷಕ್ಕೆ ಅಷ್ಟು ರಬ್ಬರ್ ಕೂಡಿಸಲು ಅರ್ಧ ಹೆಕ್ಟೇರಿನ ಹದಿನಾಲ್ಕು ಮನೆಯವರು ಒಟ್ಟಾದರೆ ಸಾಕು.